ಸದಾನಂದಣ್ಣನ ಅಗ್ಗದ ಟೀವಿ

ಸದಾನಂದಣ್ಣನ ತೋರುಬೆರಳು ಅವರಿಗಿಂತ ಮೊದಲು ಮಾತಾಡುತ್ತಿತ್ತು. ಮುಂಬಯಿಯ ಬೈಕುಲ್ಲಾದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದವರು. ಗಿರಾಕಿಗಳಿಗೆ ಖಾಲಿ ಕುರ್ಚಿ ತೋರಿಸಿ ತೋರಿಸಿ ಆ ಬೆರಳಿಗೆ ಮಡಚುವುದೇ ಮರೆತುಹೋಗಿತ್ತು. ನಿವೃತ್ತರಾಗಿ ಗೋರೆಗಾಂವ್‌ನಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಮೇಲೂ, ಒಳಗೆ ಬಂದವರು ಎಲ್ಲಿ ಕೂರಬೇಕೆಂದು ಬೆರಳೇ ಹೇಳುತ್ತಿತ್ತು.

ಅವರ ಹೆಂಡತಿ ಗಿರಿಜಕ್ಕನಿಗೆ ಮಂಡಿನೋವು, ಮೆಟ್ಟಿಲಿಳಿಯುವಂತಿಲ್ಲ. ಮಗನ ಕಣ್ಣು ಸದಾ ಮೊಬೈಲಿನಲ್ಲಿ. ಸೊಸೆ, ಮೊಮ್ಮಗಳಿಗೆ ಹಿಂದಿಯೇ ಸಲೀಸು. ಗಂಡ ಕನ್ನಡದವರೇ, ಆದರೆ ಅವರದು ಮಾತಲ್ಲ, ಆರ್ಡರು. ಹಾಗಾಗಿ ಗಿರಿಜಕ್ಕನ ಪಾಲಿಗೆ ಕನ್ನಡವೆಂದರೆ ಸಂಜೆ ಏಳರ ಧಾರಾವಾಹಿ.

ಒಂದು ದಿನ ಸದಾನಂದಣ್ಣ ಘೋಷಿಸಿದರು: “ಕೇಬಲ್ ತೆಗೆಯುವ. ಇಷ್ಟು ಚಾನೆಲ್ ಎಂತಕ್ಕೆ? ಮೆನು ಕಾರ್ಡ್ ಇಡೀ ಯಾರಾದ್ರೂ ತಿಂತಾರಾ?”

“ನಾನು ತಿನ್ನುದು ಒಂದೇ. ಅದನ್ನಾದ್ರೂ ಬಿಡಿ ಮಾರಾಯ್ರೆ,” ಎಂದರು ಗಿರಿಜಕ್ಕ.

“ಅದೂ ಆ್ಯಪಿನಲ್ಲಿ ಉಂಟು!”

ಆ್ಯಪು ಬಂತು. ಅದೂ ದುಬಾರಿಯೆನಿಸಿ, ಬಿಲ್ಡಿಂಗಿನ ಇನ್ನೂ ಮೂರು ಮನೆಗಳನ್ನು ಪಾಲಿಗೆ ಸೇರಿಸಿಕೊಂಡರು. “ಒಂದೇ ಟೇಬಲ್ಲಿಗೆ ನಾಲ್ಕು ಪಾರ್ಟಿ ಕೂರಿಸಿದವ ನಾನು. ನೀವೂ ಬನ್ನಿ ಸುಮತಿ.” ನಾನು ಒಲ್ಲೆನೆಂದೆ. “ಕೇಬಲಿನವನ ಮಗಳ ಮದುವೆ ನೀವೇ ಮಾಡಿಸಿ!” ಎಂದು ಎದ್ದುಹೋದರು.

ಅಗ್ಗದ ಪ್ಲ್ಯಾನು, ಒಂದು ಹೊತ್ತಿಗೆ ಒಂದೇ ಮನೆಯಲ್ಲಿ ನೋಡಬಹುದು. ಸದಾನಂದಣ್ಣ ಹೊತ್ತು ಹಂಚಿದರು. ಹೋಟೆಲಿನಲ್ಲಿ ಗಿರಾಕಿಗಳ ಗದ್ದಲ ಮುಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ, ನೌಕರರ ಊಟ ತಾನೇ? ಅದೇ ಕ್ರಮ. ಸಂಜೆಯೆಲ್ಲ ಆ ಮೂರು ಮನೆಗಳಿಗೆ. ಸ್ವಂತ ಹೆಂಡತಿಗೆ ಮಧ್ಯಾಹ್ನ ಮೂರು ಗಂಟೆ, ನಿನ್ನೆಯ ಕಂತು.

“ತಂಗಳು ಬಡಿಸ್ತಾರೆ ನೋಡು,” ಎಂದರು ಗಿರಿಜಕ್ಕ ನನ್ನೊಡನೆ. ಮರುದಿನದಿಂದ ಏಳಕ್ಕೆ ಸರಿಯಾಗಿ, ಗೋಡೆ ಹಿಡಿದುಕೊಂಡು ನಮ್ಮ ಮನೆಗೇ ಬರತೊಡಗಿದರು.

ಊಟಕ್ಕೆ ಕರೆಯುವ ನೆಪದಲ್ಲಿ ಸದಾನಂದಣ್ಣ ಹಿಂದೆಯೇ ಬಂದರು. “ಬಡಿಸಿಟ್ಟಿದ್ದೇನೆ, ನೀವು ಉಣ್ಣಿ,” ಎಂದರು ಹೆಂಡತಿ, ಟೀವಿಯಿಂದ ಕಣ್ಣು ತೆಗೆಯದೆ. ಅವರು ಕದಲಲಿಲ್ಲ. ವಾರ ಕಳೆಯುವುದರೊಳಗೆ ನಮ್ಮ ಯಜಮಾನರ ಕುರ್ಚಿ ಅವರದಾಯಿತು. ನಾನು ಅವರನ್ನು ಕಡೆಯ ಸಲ ನೋಡಿದ್ದೂ ಅದೇ ಕುರ್ಚಿಯಲ್ಲಿ. ಟೀವಿಯತ್ತ ಬೆರಳು ಮಾಡಿ, “ಈ ಅತ್ತೆ ಇನ್ನೂ ಸಾಯ್ಲಿಲ್ವಾ? ಇದಕ್ಕೆಲ್ಲ ದುಡ್ಡು ಸುರಿಯುವ ನಿಮಗೆ ಬುದ್ಧಿಯಿಲ್ಲ ಸುಮತಿ,” ಎಂದರು. ಜಾಹೀರಾತು ಬಂತೆಂದು ನಾನು ರಿಮೋಟು ಎತ್ತಿದರೆ, “ಇರ್ಲಿ ಇರ್ಲಿ, ಈಗ ಬರ್ತದೆ!” ಎಂದು ತಡೆದರು.

ಆ ರಾತ್ರಿ ನಿದ್ದೆಯಲ್ಲೇ ಹೋದರು.

ಪಾಲಿನ ಮೂರು ಮನೆಯವರೂ ಬಂದು ಕಣ್ಣೊರೆಸಿಕೊಂಡರು. ಹೊರಡುವಾಗ ಒಬ್ಬರು ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು: “ಭಾಬಿ, ಪಾಸ್‌ವರ್ಡು ಅದೇ ಇರ್ತದಲ್ಲ?”

ಉತ್ತರಕ್ರಿಯೆ ಮುಗಿದ ಮರುದಿನ ಗಿರಿಜಕ್ಕ ತಾವೇ ಕೇಬಲಿನವನಿಗೆ ಫೋನು ಮಾಡಿದರು. ಮಗ ಏನೋ ಹೇಳಲು ಹೋದಾಗ, “ನೀನು ನಿನ್ನ ಮೊಬೈಲ್ ನೋಡು,” ಎಂದರಂತೆ.

ಈಗ ಅವರು ನಮ್ಮ ಮನೆಗೆ ಬರುವುದಿಲ್ಲ. ನಿನ್ನೆ ಏಳಕ್ಕೆ ನಾನೇ ಹೋದೆ. ಜೋರು ಜಗಳದ ಕಂತು. “ಇವರು ಇರ್ತಿದ್ರೆ ಈಗ ಬೈತಿದ್ರು,” ಎಂದು ಗಿರಿಜಕ್ಕ ಒಂದು ಕ್ಷಣ ಬಾಗಿಲ ಕಡೆ ನೋಡಿದರು. ಆಮೇಲೆ ವಾಲ್ಯೂಮು ಹೆಚ್ಚಿಸಿದರು.