ಎನಿಡ್ ಥ್ರಪ್ ಅವರ ತೋಟ
ಯಾರ್ಕ್‌ಶೈರಿನ ನಮ್ಮ ಬೀದಿಯ ಎನಿಡ್ ಥ್ರಪ್ ಅವರ ತೋಟದಲ್ಲಿ ಮನುಷ್ಯರಿಗೆ ಕೂರಲು ಒಂದು ಕುರ್ಚಿಯೂ ಇಲ್ಲ. ಹೆಜ್‌ಹಾಗ್ ಎಂಬ ಬೊಗಸೆಯಷ್ಟು ಮುಳ್ಳುಜೀವಿಗೆ ಮಾತ್ರ ಬೇಲಿಯಲ್ಲಿ ಕಿಂಡಿ, ಕೊಳಕ್ಕೆ ಬಿದ್ದರೆ ಹತ್ತಿಬರಲು ಹಲಗೆ, ಚಳಿಗಾಲದ ನಿದ್ದೆಗೆ ಎಲೆ ತುಂಬಿದ ಪೆಟ್ಟಿಗೆ. ಅದು ತಿನ್ನುವ ಬಸವನಹುಳುವಿಗೆ ವಿಷ ಹಾಕುವವರ ಮನೆಯಲ್ಲಿ ಅವರು ಚಹಾ ಕೂಡ ಕುಡಿಯುವುದಿಲ್ಲ. "ಸ್ವಂತ ಮೊಮ್ಮಕ್ಕಳಿಗೂ ಇಷ್ಟು ಮಾಡಿಲ್ಲ ನೀವು" ಎಂದು ಪಕ್ಕದ ಮನೆಯ ಕಾಲಿನ್ ಛೇಡಿಸಿದರೆ, "ಮೊಮ್ಮಕ್ಕಳು ಚಳಿಗಾಲವಿಡೀ ತೆಪ್ಪಗೆ ಮಲಗ್ತಾವೇನಪ್ಪಾ?" ಎನ್ನುತ್ತಾರೆ. ನವೆಂಬರ್ ಐದರ ಬೆಂಕಿಹಬ್ಬಕ್ಕೆ ಅವನು ಒಟ್ಟಿದ ಕಸಕಡ್ಡಿಯ ರಾಶಿಯನ್ನಂತೂ, ಒಳಗೆ ಹೆಜ್‌ಹಾಗ್ ಸೇರಿಕೊಂಡು ಮಲಗಿರಬಹುದೆಂದು, ಮಂಡಿಯೂರಿ ಒಂದೊಂದೇ ಕಡ್ಡಿ ಕಿತ್ತು ಬೇರೆ ಕಡೆ ಒಟ್ಟುತ್ತಾರೆ. ಈ ಸಲ ಕಾಲಿನ್‌ಗೆ ರೇಗಿತು. "ಕೋಲಲ್ಲಿ ತಿವಿದು ನೋಡಿದ್ರೆ ಸಾಲ್ದಾ, ಎನಿಡ್?" ಎನಿಡ್ ಕೈ ನಿಲ್ಲಿಸಲಿಲ್ಲ. "ಒಂದು ವರ್ಷ ನಾನೂ ಹಾಗೇ ತಿವಿದು ನೋಡಿ ಬೆಂಕಿ ಹಚ್ಚಿದ್ದೆ ಕಣಪ್ಪಾ. ಆಮೇಲೆ ಒಳಗಿಂದ ಮಗು ಥರ ಕಿರುಚ್ತು." ಕಾಲಿನ್ ಕೋಟು ಬಿಚ್ಚಿಟ್ಟು, ರಾಶಿಯ ಇನ್ನೊಂದು ಬದಿಗೆ ಹೋಗಿ ಕೂತ.