ಪಾರಿಸಣ್ಣನ ನಂಬರು

ಹುಕ್ಕೇರಿ ಬಸ್‌ಸ್ಟ್ಯಾಂಡಿನ ಎದುರು ಇಂಟರ್ನೆಟ್ ಅಂಗಡಿ ಇಟ್ಟಿರುವ ಪಾರಿಸಣ್ಣ ಯಾರನ್ನು ನಂಬಿದರೂ ಕಂಪ್ಯೂಟರನ್ನು ನಂಬುವವನಲ್ಲ. ಪರದೆಯ ಮೂಲೆಯಲ್ಲಿ ಕನೆಕ್ಷನ್ ಬಂದಿದೆ ಎಂಬ ಗುರುತು ಮಿನುಗಿದರೆ, "ಕಾಲವಿ ತೋಡಿದ್ರ ನೀರ ಬಂದಂಗ ಆತೇನ್ರಿ?" ಎನ್ನುತ್ತಾನೆ. ಪುಟ ತೆರೆದರೂ ಸಮಾಧಾನವಿಲ್ಲ, ಕಂಪ್ಯೂಟರು ಉಳಿಸಿಟ್ಟುಕೊಂಡ ಹಳೇ ಪುಟವನ್ನೇ ತೋರಿಸುತ್ತಿದೆ ಎಂಬ ಗುಮಾನಿ. "ಇದು ನಿನ್ನಿ ಉಳದ ರೊಟ್ಟಿ, ಪೆಟ್ಟಿಗ್ಯಾಗ ಇಟ್ಟಿದ್ದನ್ನ ಬಡಸಾಕತ್ತೈತಿ" ಎಂದು ಮೋಡೆಮ್ಮಿನ ತಲೆ ಮೊಟಕುತ್ತಾನೆ. ಪಿಯುಸಿ ರಿಸಲ್ಟಿನ ದಿನವಂತೂ ದಡ್ಡಿ ಎಂಬ ಹಳ್ಳಿಯಿಂದ ಬಂದ ಹುಡುಗಿಯರು ಬೆವರುತ್ತ ನಿಂತಿದ್ದರೂ ಅವನು ಮೊದಲು ಒತ್ತುವುದು ತನ್ನದೇ ನಂಬರು. ಅಂಗಡಿ ತೆರೆದಾಗಿನಿಂದ ವರ್ಷವೂ ಪಿಯುಸಿ ಇಂಗ್ಲಿಷಿಗೆ ಕೂಡ್ರುತ್ತಾನೆ, ವರ್ಷವೂ ಬೀಳುತ್ತಾನೆ. ಉತ್ತರ ಮೊದಲೇ ಗೊತ್ತಿರುವ ನಂಬರು ಊರಿನಲ್ಲಿ ಅದೊಂದೇ. "ಫೇಲ್ ಅಂತ ಬಂತ್ರಿ, ನೆಟ್ ಖರೆ ಐತಿ, ಇನ್ನ ನಿಮ್ಮ ನಂಬರ ಹೇಳ್ರಿ" ಎಂದು ಅವನು ಮುಖ ಅರಳಿಸುವಾಗ ಹುಡುಗಿಯರ ಅರ್ಧ ಹೆದರಿಕೆ ನಗುವಿನಲ್ಲೇ ಇಳಿದುಹೋಗುತ್ತದೆ. ಪರೀಕ್ಷೆ ಕಟ್ಟುವುದು ನೆಟ್ ಖರೆಯೋ ಸುಳ್ಳೋ ನೋಡಲಿಕ್ಕಷ್ಟೇ ಎಂಬುದು ಅವನ ಮಾತು. ಆದರೆ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅವನು ಮಾನಿಟರಿನ ಹಿಂದಿನಿಂದ ಇಂಗ್ಲಿಷ್ ಗೈಡು ತೆಗೆದು, ತುಟಿ ಅಲ್ಲಾಡಿಸುತ್ತ ಓದುವುದನ್ನು ಊಟದ ಡಬ್ಬಿ ತರುವ ಹೆಂಡತಿ ಜಿನ್ನವ್ವ ಎಷ್ಟೋ ಸಲ ಕಂಡಿದ್ದಾಳೆ. ಈ ವರ್ಷ ನಂಬರು ಒತ್ತಿದಾಗ ಪರದೆಯ ಮೇಲೆ ಪಾಸ್ ಎಂದು ಬಂತು. ಪಾರಿಸಣ್ಣ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡು ನೋಡಿದ. ಆಮೇಲೆ ಹುಡುಗಿಯರ ಕಡೆ ತಿರುಗಿ, "ಸ್ವಲ್ಪ ತಡೀರಿ ಯವ್ವಾ, ಇವತ್ತ ನೆಟ್ ಖರೆ ಇಲ್ಲ" ಎಂದು ವೈರು ಕಿತ್ತ.