ಹಾಲಮ್ಮ ಬ್ಯಾಡ ಎಂದ ದಿನ

ಇವತ್ತು ಬೆಳಿಗ್ಗೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮೂಡಲ ದಿಕ್ಕಿನಿಂದ ತಣ್ಣನೆಯ ಗಾಳಿ ಬೀಸಿ ಒದ್ದೆ ಪಂಚೆ ಮುಖಕ್ಕೆ ಹೊಡೆಯಿತು. ಹೊಡೆಯಬೇಕಾದದ್ದೇ ಬಿಡಿ. ನವೆಂಬರಿನ ಈ ಗಾಳಿ ಮೈಗೆ ತಾಗಿದಾಗಲೆಲ್ಲ ಹಾಲಮ್ಮನ ನೆನಪಾಗಿ ಸಿಟ್ಟು ಬರುತ್ತದೆ. ಆ ಸಿಟ್ಟಿನ ಅರ್ಧ ಪಾಲು ನನ್ನ ಮೇಲೆಯೇ.

ನಾನು ಭೂಗೋಳ ಕಲಿಸಿ ನಿವೃತ್ತನಾದ ಮೇಷ್ಟ್ರು. ನೌಕರಿಯ ಮೊದಲ ವರ್ಷಗಳಲ್ಲಿ ಮಂಡಕ್ಕಿ ಹುರಿಯುವ ಒಂದು ಭಟ್ಟಿಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದೆ. ಮಂಡಕ್ಕಿಗಾಗಿ ಬೇಯಿಸಿದ ಭತ್ತವನ್ನು ಕಣದಲ್ಲಿ ಹರಡಿ ಒಣಗಿಸುವವಳು ಹಾಲಮ್ಮ. ದಿನಾ ಬೆಳಿಗ್ಗೆ ಒಂದು ಹಿಡಿ ಹೊಟ್ಟು ಎತ್ತಿ ಗಾಳಿಗೆ ಬಿಡುತ್ತಿದ್ದಳು. ಅದು ಹಾರುವ ದಿಕ್ಕು ನೋಡಿಯೇ ಹರಡಬೇಕೋ ಬೇಡವೋ ಎಂಬ ತೀರ್ಮಾನ.

ನೀವೇ ಯೋಚಿಸಿ, ಅದೆಂಥ ವಿದ್ಯೆ! ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತುವಾಗ ಹೊತ್ತ ನೀರನ್ನು ಬಹುಪಾಲು ಅಲ್ಲೇ ಸುರಿದು, ಹಗುರಾಗಿ ನಮ್ಮ ಕಡೆ ಇಳಿಯುತ್ತದೆ. ಅದಕ್ಕೇ ಅತ್ತ ದಟ್ಟ ಕಾಡು, ಇತ್ತ ಜಾಲಿ. ಹರಿಹರದಲ್ಲಿ ಹೊಳೆ ತುಂಬಿ ಹರಿಯುವ ದಿನವೂ ದಾವಣಗೆರೆಯ ಕಣ ಒಣಗಿರುವುದುಂಟು; ಆ ನೀರು ಘಟ್ಟದ ಮಳೆಯದು. ಮಳೆಗಾಲ ಮುಗಿದ ಮೇಲೆ ಗಾಳಿ ತಿರುಗುತ್ತದೆ. ಆಗ ಬಂಗಾಳ ಕೊಲ್ಲಿಯ ಬೆಚ್ಚನೆ ನೀರಿನ ಮೇಲೆ ಸುಳಿಯೆದ್ದರೆ ಮೋಡ ಇಲ್ಲಿಯವರೆಗೂ ಬರುತ್ತದೆ. ಹಾಲಮ್ಮ ಯಾವ ಸಮುದ್ರವನ್ನೂ ಕಂಡವಳಲ್ಲ. ಎರಡರ ಸಮಾಚಾರವೂ ಅವಳಿಗೆ ಆ ಒಂದು ಹಿಡಿ ಹೊಟ್ಟಿನಲ್ಲಿ ತಿಳಿಯುತ್ತಿತ್ತು.

ಅಂಥದೊಂದು ನವೆಂಬರ್ ಬೆಳಿಗ್ಗೆ ಅವಳು ಭಟ್ಟಿಯ ಯಜಮಾನರಿಗೆ, “ಮೂಡಲ ಗಾಳಿ ಐತ್ರಿ ಯಜಮಾನ್ರೆ, ಇವತ್ತು ಹರಡೋದು ಬ್ಯಾಡ್ರಿ” ಎಂದಳು. ನಾನು ಹಲ್ಲುಜ್ಜುತ್ತಾ ನಿಂತಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಪಠ್ಯಪುಸ್ತಕದ ಪಂಡಿತನಿಗೆ ಬಾಯಿ ಸುಮ್ಮನಿರಬೇಕಲ್ಲ!

“ಮುಂಗಾರು ವಾಪಸ್ ಹೋಗೈತ್ರಿ. ಬಂಗಾಳ ಕೊಲ್ಲಿ ಮಳೆ ಏನಿದ್ರೂ ತಮಿಳುನಾಡಿಗೆ. ಧೈರ್ಯವಾಗಿ ಹರಡಿಸ್ರಿ” ಎಂದೆ.

“ಓದಿದ ಮೇಷ್ಟ್ರು ಹೇಳ್ತಾರ, ನಿಂದೇನು ನಡುವೆ?” ಎಂದು ಯಜಮಾನರು ಅವಳ ಬಾಯಿ ಮುಚ್ಚಿಸಿದರು.

ಮಧ್ಯಾಹ್ನ ಮಳೆ ಹೊಯ್ದಿತು. ಭತ್ತ ನೆಂದು ಚರಂಡಿಯ ಕಡೆ ಹರಿಯಿತು. ಆಮೇಲೆ ಯಜಮಾನರು ಬೈದದ್ದು ಯಾರನ್ನು ಗೊತ್ತೆ? ಬೇಡ ಎಂದವಳನ್ನೇ! “ತಾಡಪಾಲು ಹೊದಿಸಾಕ ತಡ ಮಾಡಿದಿ. ನಾಳೆಯಿಂದ ಬರಬ್ಯಾಡ.” ಎಂಥ ನ್ಯಾಯ! ಮೇಷ್ಟ್ರನ್ನು ಬೈಯುವಂತಿಲ್ಲ, ಮೋಡವನ್ನು ಬೈದು ಫಲವಿಲ್ಲ, ಕೈಗೆ ಸಿಕ್ಕವಳು ಹಾಲಮ್ಮ. ಕಿಟಕಿಯೊಳಗೆ ನಿಂತು ಎಲ್ಲ ಕೇಳಿಸಿಕೊಂಡೆ. ತಪ್ಪು ನನ್ನದು ಎನ್ನಲಿಲ್ಲ. ಅವಳು ಸೆರಗು ಕೊಡವಿ ಹೊರಟುಹೋದಳು. ಮರುದಿನ ತರಗತಿಯಲ್ಲಿ ನಕ್ಷೆಯ ಮೇಲೆ ಮಾರುತಗಳ ಬಾಣ ಬರೆದೆ, ನಾಚಿಕೆಯೇ ಇಲ್ಲದೆ.

ಇವತ್ತು ತಡೆಯಲಾಗಲಿಲ್ಲ. ಹರಿಹರದ ಬಸ್ಸು ಹತ್ತಿದೆ. ಹಾಲಮ್ಮ ಅಲ್ಲಿ ಮಗಳ ಜೊತೆ ಇದ್ದಾಳೆಂದು ಎಂದೋ ಗೊತ್ತಿತ್ತು, ಮುಖ ತೋರಿಸುವ ಧೈರ್ಯ ಇರಲಿಲ್ಲ. “ಬರ್ರಿ ಮೇಷ್ಟ್ರೆ, ಕೂಡ್ರಿ” ಎಂದು ಚಾಪೆ ಹಾಸಿದಳು. ಅವತ್ತು ಗಾಳಿಯ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ, ಕ್ಷಮಿಸಬೇಕು ಎಂದೆ.

“ಅದಕ್ಕ ನಂಗೆ ಸಿಟ್ಟಿಲ್ರಿ. ಗಾಳಿ ಲೆಕ್ಕ ನಮಗೂ ಎಷ್ಟೋ ಸಲ ತಪ್ಪೈತೆ” ಎಂದಳು. ಆಮೇಲೆ ನನ್ನನ್ನೇ ನೋಡಿ ಕೇಳಿದಳು: “ಬೆಳಿಗ್ಗೆ ಯಾರೂ ಕೇಳದಿದ್ರೂ ಬಾಯಿ ಬಿಟ್ರಿ. ಮಧ್ಯಾಹ್ನ ಯಾಕ ಬಿಡ್ಲಿಲ್ರಿ?”

ಯಜಮಾನರು ಈಗಲೂ ಭಟ್ಟಿಗೆ ಬಂದು ಕೂರುತ್ತಾರೆ. ಅಂದು ಮಧ್ಯಾಹ್ನ ಆಡದ ಮಾತನ್ನು ಅವರೆದುರು ಆಡಲು, ವಾಪಸು ಬರುವಾಗ ಮನೆಗೆ ಹೋಗದೆ ಭಟ್ಟಿಯ ಬಳಿಯೇ ಇಳಿದೆ.